ಮೆಲುಕು ಎಣಿಸುತ್ತಿದ್ದ ನಮ್ಮತ್ತೆ

ನಮ್ಮತ್ತೆ ಇಪ್ಪತ್ತಾರು ವರ್ಷ ಹಸುಗಳ ಬಾಯಿ ನೋಡಿಕೊಂಡು ಕೂತು ಸಂಬಳ ತೆಗೆದುಕೊಂಡವಳು. ಹೀಗೆಂದರೆ ಕೇಳಿದವರು ನಗುತ್ತಾರೆ. ಅವಳೂ ನಗುತ್ತಿದ್ದಳು. ಆದರೆ ಮಾತು ಅಕ್ಷರಶಃ ನಿಜ. ಊರಿನ ಅಂಚಿನಲ್ಲಿ, ಬಸ್ಸು ಕೊನೆಯದಾಗಿ ನಿಂತು ತಿರುಗಿಕೊಳ್ಳುವ ಕಡೆ, ಮೇವಿನ ಸಂಶೋಧನಾ ಕೇಂದ್ರವೊಂದಿದೆ. ಮೇವಿಗೆ ಯಾವ ಪುಡಿ ಬೆರೆಸಿದರೆ, ಯಾವ ಎಣ್ಣೆ ಸೇರಿಸಿದರೆ ಹಸುವಿನ ಹೊಟ್ಟೆಯಲ್ಲಿ ಏನಾಗುತ್ತದೆ ಎಂದು ಅಲ್ಲಿ ನೋಡುತ್ತಾರೆ. ಹಸು ನುಂಗಿದ ಹುಲ್ಲನ್ನು ಮತ್ತೆ ಬಾಯಿಗೆ ತಂದುಕೊಂಡು ಮೆಲುಕು ಹಾಕುವಾಗ ಒಂದೊಂದು ತುತ್ತನ್ನು ಎಷ್ಟು ಸಲ ಅಗಿಯುತ್ತದೆ, ದಿನಕ್ಕೆ ಎಷ್ಟು ಹೊತ್ತು ಅಗಿಯುತ್ತದೆ ಎಂದು ಎಣಿಸುವುದು ಅತ್ತೆಯ ಕೆಲಸವಾಗಿತ್ತು.

ಅವಳು ನನ್ನ ಅಪ್ಪನ ಅಕ್ಕ. ನಾವು ಮಹಡಿಯಲ್ಲಿದ್ದೆವು, ಅತ್ತೆ ಮಾವ ಕೆಳಗೆ. ಬೀದಿ ಕಡೆಯ ಕೋಣೆಯಲ್ಲಿ ಮಾವನ ಹೊಲಿಗೆ ಅಂಗಡಿ. ಅತ್ತೆ ಹದಿನಾರನೇ ವಯಸ್ಸಿಗೆ ಬಟ್ಟೆ ಗಿರಣಿಗೆ ಸೇರಿ, ಮಗ್ಗಗಳ ನಡುವೆ ಇಪ್ಪತ್ತಮೂರು ವರ್ಷ ನಿಂತಿದ್ದಳು. ಒಂದೇ ಸೂರಿನಡಿ ನೂರಿಪ್ಪತ್ತು ಮಗ್ಗ. ಲಾಳಿ ಆಚೆ ಈಚೆ ಬಡಿಯುವ ಸದ್ದಿನಲ್ಲಿ ಪಕ್ಕದವಳು ಕಿರುಚಿದರೂ ಕೇಳುತ್ತಿರಲಿಲ್ಲ. ಹಾಗಾಗಿ ಅಲ್ಲಿನ ಹೆಂಗಸರೆಲ್ಲ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತಿದ್ದರು. ಶೆಡ್ಡಿನ ಆ ತುದಿಯಲ್ಲಿ ಒಬ್ಬಳು ಸದ್ದಿಲ್ಲದೆ ತುಟಿ ಆಡಿಸಿದರೆ ಈ ತುದಿಯಲ್ಲಿ ಮೂವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರಂತೆ. ಗಿರಣಿ ಮುಚ್ಚುವ ಹೊತ್ತಿಗೆ ಅತ್ತೆಯ ಕಿವಿ ಮುಕ್ಕಾಲು ಪಾಲು ಹೋಗಿತ್ತು. ಕೊನೆಯ ದಿನ ಮಗ್ಗಗಳೆಲ್ಲ ಒಂದೊಂದಾಗಿ ನಿಂತಾಗ ಗಾಳಿಯಲ್ಲಿ ತೇಲುತ್ತಿದ್ದ ಹತ್ತಿಯ ಧೂಳು ಇಷ್ಟಿಷ್ಟೇ ಕೆಳಗಿಳಿದು ಎಲ್ಲರ ತಲೆಯ ಮೇಲೆ ಕೂತಿತಂತೆ. ಯಾರೂ ಅದನ್ನು ಕೊಡವಿಕೊಳ್ಳಲಿಲ್ಲ.

"ಕೇಳಿಸ್ತೇನೇ?" ಎಂದು ಮಾವ ಅಂಗಡಿಯಿಂದ ಕೂಗಿದರೆ, "ಕೇಳಿಸ್ಲಿಲ್ಲ ರೀ, ಕಾಣಿಸ್ತು" ಎನ್ನುತ್ತಿದ್ದಳು.

ಕೆಲಸ ಹುಡುಕಿಕೊಂಡು ಕೇಂದ್ರಕ್ಕೆ ಹೋದಾಗ ಅವಳಿಗೆ ಮೂವತ್ತೊಂಬತ್ತು. ಅಲ್ಲಿನ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಜೇಬೆಲ್ಲ ತಡಕಾಡುವ ಮನುಷ್ಯ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಒಂದೇ ಕಡೆ ಎರಡು ಗಂಟೆ ಸುಮ್ನೆ ಕೂತ್ಕೊಂಡಿರೋಕಾಗುತ್ತಾಮ್ಮಾ?"

"ಆಗುತ್ತೋ ಇಲ್ವೋ ಗೊತ್ತಿಲ್ಲ ಸಾರ್. ಇಷ್ಟು ವರ್ಷದಲ್ಲಿ ಯಾರೂ ನನ್ನ ಹಾಗೆ ಕೂರೋಕೇ ಬಿಟ್ಟಿಲ್ಲ."

ದೊಡ್ಡ ಡಾಕ್ಟರು ನಕ್ಕು ಅವಳ ಕೈಗೆ ಒಂದು ಒತ್ತುವ ಎಣಿಕೆ ಯಂತ್ರ ಕೊಟ್ಟರು. ಮುಷ್ಟಿಯಲ್ಲಿ ಹಿಡಿಸುವಷ್ಟು ಸಣ್ಣದು, ಹೆಬ್ಬೆರಳಿನಲ್ಲಿ ಒತ್ತಿದರೆ ಒಂದಂಕಿ ಮುಂದೆ ಹೋಗುತ್ತದೆ. ಒಂದು ಮರದ ಸ್ಟೂಲು ತೋರಿಸಿದರು. ಎದುರಿಗೆ ಕಂದು ಬಣ್ಣದ ಹಸುವೊಂದು ಕಾಲು ಮಡಿಚಿ ಮಲಗಿತ್ತು.

ಮೊದಲು ಕತ್ತಿನಲ್ಲಿ ಒಂದು ಉಬ್ಬು ಕಾಣುತ್ತದೆ. ಒಳಗಿನಿಂದ ಯಾರೋ ಒಂದು ಉಂಡೆಯನ್ನು ಮೇಲಕ್ಕೆ ಕಳಿಸಿದ ಹಾಗೆ ಅದು ಗಂಟಲಿನ ಉದ್ದಕ್ಕೂ ಏರಿ ಬರುತ್ತದೆ. ಬಾಯಿಗೆ ಬಂತು ಎನ್ನುವಷ್ಟರಲ್ಲಿ ದವಡೆ ಒಂದು ಪಕ್ಕಕ್ಕೆ ಜಾರಿ ಅರೆಯಲು ಶುರು. ಒಂದು, ಎರಡು, ಮೂರು. ಐವತ್ತೈದೋ ಅರವತ್ತೋ ಆದ ಮೇಲೆ ಗುಟುಕ್ಕನೆ ಒಳಗೆ. ನಾಲ್ಕು ಕ್ಷಣ ಏನೂ ಇಲ್ಲ. ಹಸು ಯಾವುದೋ ಮಾತು ನೆನಪಿಸಿಕೊಳ್ಳುತ್ತಿರುವವಳಂತೆ ಸುಮ್ಮನಿರುತ್ತದೆ. ಮತ್ತೆ ಉಬ್ಬು ಏರುತ್ತದೆ. ಅತ್ತೆಗೆ ಆ ನಾಲ್ಕು ಕ್ಷಣ ಬಹಳ ಇಷ್ಟ. ಎಷ್ಟೋ ಸಲ ತಾನೂ ಉಸಿರು ಹಿಡಿದುಕೊಂಡು ಕಾಯುತ್ತಿದ್ದಳಂತೆ.

ತುಟಿ ಓದಿ ಪಳಗಿದ ಕಣ್ಣು ದವಡೆಯನ್ನು ಓದಲು ಬಹಳ ದಿನ ತೆಗೆದುಕೊಳ್ಳಲಿಲ್ಲ. ಮೂರು ತಿಂಗಳಲ್ಲಿ ಹನ್ನೆರಡು ಹಸುಗಳ ಲೆಕ್ಕವೂ ಬಾಯಿಪಾಠ. ಒಬ್ಬಳು ಐವತ್ತೆಂಟು, ಒಬ್ಬಳು ಅರವತ್ತನಾಲ್ಕು, ಇನ್ನೊಬ್ಬಳು ಸೋಮಾರಿ, ನಲವತ್ತೊಂಬತ್ತಕ್ಕೇ ನುಂಗಿಬಿಡುವವಳು. ಬೆಳಗಿನ ಬಿಸಿಲು ಕೊಟ್ಟಿಗೆಯ ಹಲಗೆಗಳ ಸಂದಿನಿಂದ ಪಟ್ಟಿಪಟ್ಟಿಯಾಗಿ ಬಿದ್ದು, ಒಬ್ಬೊಬ್ಬಳ ಬೆನ್ನ ಮೇಲೆ ಹಾದು, ಮಧ್ಯಾಹ್ನಕ್ಕೆ ಗೋದಲಿ ಸೇರುತ್ತಿತ್ತು. ಆ ಹೊತ್ತಿನಲ್ಲಿ ಅತ್ತೆ ಎಚ್ಚರವಾಗಿಯೂ ಇರುತ್ತಿದ್ದಳು, ಎಲ್ಲೋ ಹೋಗಿಯೂ ಇರುತ್ತಿದ್ದಳು. ಹೆಬ್ಬೆರಳು ತಪ್ಪದೆ ಒತ್ತುತ್ತಿತ್ತು. ಮನಸ್ಸು ಮಾತ್ರ ತೀರಿಹೋದ ಅಮ್ಮನ ಜೊತೆ ಕೂತು ಬಟ್ಟೆ ಮಡಿಸುತ್ತಿತ್ತು. "ಅಲ್ಲಿ ಕೂತ್ರೆ ಯಾರೂ ಸತ್ತಿಲ್ಲ ಅನ್ಸುತ್ತೆ ಕಣೇ" ಎಂದು ನನಗೊಮ್ಮೆ ಹೇಳಿದ್ದಳು. "ಎಲ್ಲಾರೂ ಒಳಗಡೆ ಇದಾರೆ, ಒಬ್ಬೊಬ್ಬರಾಗಿ ಮೇಲಕ್ಕೆ ಬರ್ತಾರೆ."

ಮನೆಯಲ್ಲಿಯೂ ಚಟ ಬಿಡಲಿಲ್ಲ. ಊಟಕ್ಕೆ ಕೂತ ಮಾವನನ್ನು ನೋಡುತ್ತಾ ನೋಡುತ್ತಾ, "ಹದಿನಾಲ್ಕಕ್ಕೇ ನುಂಗಿದ್ರಲ್ರೀ" ಎನ್ನುವಳು.

"ನನಗೆ ಒಂದೇ ಹೊಟ್ಟೆ ಇರೋದು ಮಾರಾಯ್ತಿ. ವಾಪಸ್ಸು ತರಿಸಿಕೊಂಡು ಅಗಿಯೋ ಸೌಕರ್ಯ ಇಲ್ಲ" ಎಂದು ಮಾವ ತಟ್ಟೆ ಹಿಡಿದು ಗೋಡೆ ಕಡೆ ತಿರುಗಿ ಕೂರುವನು.

ಕೇಂದ್ರದಲ್ಲಿ ಒಂದು ವಿಶೇಷದ ಹಸುವಿತ್ತು. ಅದರ ಎಡ ಮಗ್ಗುಲಿಗೆ ಅಂಗೈ ಅಗಲದ ರಬ್ಬರ್ ಬಳೆ ಕೂರಿಸಿ, ಮೇಲೊಂದು ಮುಚ್ಚಳ ಹಾಕಿದ್ದರು. ಮುಚ್ಚಳ ತೆಗೆದರೆ ನೇರವಾಗಿ ಹೊಟ್ಟೆ. ಹಸುವಿನ ನಾಲ್ಕು ಹೊಟ್ಟೆಗಳಲ್ಲಿ ಮೊದಲನೆಯದು, ಎಲ್ಲಕ್ಕಿಂತ ದೊಡ್ಡದು. ಆ ಹಸುವನ್ನು ಎಲ್ಲರೂ ಕಿಟಕಿ ಎಂದೇ ಕರೆಯುತ್ತಿದ್ದರು. ಕಿಟಕಿಗೆ ನೋವೇನೂ ಇರಲಿಲ್ಲ. ಮುಚ್ಚಳ ತೆಗೆಯುವಾಗಲೂ ತನ್ನ ಪಾಡಿಗೆ ತಾನು ಮೇಯುತ್ತಾ ನಿಂತಿರುವಳು.

ಮೊದಲ ಸಲ ಉದ್ದನೆಯ ಕೈಗವಸು ಹಾಕಿಸಿ, "ಕೈ ಹಾಕಮ್ಮಾ, ಹೆದರ್ಬೇಡ" ಎಂದರು ದೊಡ್ಡ ಡಾಕ್ಟರು. ಅತ್ತೆ ಕಣ್ಣು ಮುಚ್ಚಿಕೊಂಡು ಭುಜದವರೆಗೂ ಕೈ ಇಳಿಸಿದಳು. ಮೇಲೆ ಹುಲ್ಲಿನ ದಪ್ಪ ಹಾಸು, ನೆನೆದ ಚಾಪೆಯಂತೆ. ಅದನ್ನು ಬಗೆದು ಕೆಳಗೆ ಹೋದರೆ ಬೆಚ್ಚಗಿನ ನೀರು. ಜ್ವರ ಬಂದ ಮಗುವನ್ನು ಎದೆಗೊತ್ತಿಕೊಂಡಾಗಿನಷ್ಟು ಬಿಸಿ. ಹುಳಿಯೂ ಸಿಹಿಯೂ ಅಲ್ಲದ ವಾಸನೆ. ಅಷ್ಟರಲ್ಲಿ ಹೊಟ್ಟೆಯ ಗೋಡೆ ನಿಧಾನವಾಗಿ ಬಂದು ಅವಳ ಕೈಯನ್ನು ಒತ್ತಿ, ಹುಲ್ಲನ್ನೆಲ್ಲ ಒಂದು ಸುತ್ತು ಮಗುಚಿ, ಹಿಂದಕ್ಕೆ ಹೋಯಿತು. ನಿಮಿಷ ಕಳೆಯುವುದರೊಳಗೆ ಮತ್ತೆ ಬಂತು.

"ಏನನ್ಸುತ್ತೆ?"

"ಯಾರೋ ಮಗ್ಗುಲು ಬದಲಾಯಿಸ್ತಾ ಇದಾರೆ ಸಾರ್."

ಆಮೇಲೆ ಅವರು ಆ ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ತೋರಿಸಿದರು. ಹನಿಯೊಳಗೆ ಸಾವಿರಾರು ಜೀವಗಳು. ಕೆಲವು ದುಂಡಗೆ, ಕೆಲವು ಚಪ್ಪಲಿಯಂತೆ, ಮೈತುಂಬ ರೋಮ, ಸಂತೆಗೆ ತಡವಾದವರಂತೆ ಓಡಾಟ. "ಹುಲ್ಲನ್ನ ಹಸು ಅರಗಿಸಲ್ಲಮ್ಮಾ. ಅರಗಿಸೋರು ಇವರು. ನಾವು ಹಸುಗೆ ಹಾಕ್ತೀವಿ, ಹಸು ಇವರಿಗೆ ಹಾಕುತ್ತೆ, ಇವರು ಅದಕ್ಕೆ ವಾಪಸ್ಸು ಕೊಡ್ತಾರೆ. ಯಾವ ಪುಡಿ ಹಾಕಿದ್ರೂ ಇವರನ್ನ ಕೇಳಿ ಹಾಕ್ಬೇಕು." ಅವತ್ತಿನಿಂದ ಅತ್ತೆಗೆ ಹಸು ಎಂದರೆ ಒಂದು ಹಸುವಾಗಿ ಕಾಣಿಸುವುದು ನಿಂತಿತು. ಕತ್ತಲೆಯಲ್ಲಿ, ಬೆಚ್ಚಗೆ, ಬಾಗಿಲು ಹಾಕಿಕೊಂಡು ಕೆಲಸ ಮಾಡುತ್ತಿರುವ ಒಂದು ಊರೇ ನಾಲ್ಕು ಕಾಲಿನ ಮೇಲೆ ಓಡಾಡುತ್ತಿದೆ ಎನಿಸುತ್ತಿತ್ತು.

ಪುಡಿಗಳು ಬರುತ್ತಿದ್ದವು, ಹೋಗುತ್ತಿದ್ದವು. ಬೇಕರಿಯ ವಾಸನೆಯ ಯೀಸ್ಟ್ ಬಂತು. ಅದನ್ನು ಹಾಕಿದ ವಾರಗಳಲ್ಲಿ ಹುಲ್ಲು ಬೇಗ ಕರಗುತ್ತಿತ್ತು. ಅಗಸೆ ಎಣ್ಣೆ ಬಂತು. ಹೆಚ್ಚಾದಾಗ ಹನಿಯೊಳಗಿನ ಸಂತೆ ಅರ್ಧಕ್ಕರ್ಧ ಖಾಲಿ. ಕಹಿ ತೊಗಟೆಯ ಪುಡಿ ಬಂದಾಗ ಹಸುಗಳು ಮೂತಿ ತಿರುಗಿಸಿ ನಿಂತವು. ಪ್ರತಿಯೊಂದಕ್ಕೂ ದವಡೆಯ ಲೆಕ್ಕ ಒಂದಿಷ್ಟು ಏರುತ್ತಿತ್ತು, ಇಲ್ಲವೇ ಇಳಿಯುತ್ತಿತ್ತು. ಬೆರಳುದ್ದದ ನೈಲಾನ್ ಚೀಲಗಳಲ್ಲಿ ಮೇವು ತುಂಬಿ, ದಾರ ಕಟ್ಟಿ, ಕಿಟಕಿಯ ಹೊಟ್ಟೆಯೊಳಗೆ ಎರಡು ದಿನ ಇಳಿಬಿಟ್ಟು, ಎಷ್ಟು ಕರಗಿತು ಎಂದು ತೂಗಿ ನೋಡುವುದೂ ಇತ್ತು. ಆ ಚೀಲಗಳನ್ನು ಹೊಲಿದುಕೊಡುತ್ತಿದ್ದವನು ಮಾವ. ಮೂಲೆ ದುಂಡಗಿರಬೇಕು, ಎರಡು ಸಾಲು ಹೊಲಿಗೆ ಬೀಳಬೇಕು. "ಈ ಬೀದೀಲಿ ಎಷ್ಟು ದರ್ಜಿಗಳಿದ್ರೂ ಹೊಟ್ಟೆಯೊಳಗೆ ಹಾಕ್ಕೊಳ್ಳೋ ಬಟ್ಟೆ ಹೊಲಿಯೋನು ನಾನೊಬ್ನೇ" ಎಂದು ಗಿರಾಕಿಗಳಿಗೆ ಹೇಳಿಕೊಳ್ಳುತ್ತಿದ್ದ. "ಇಷ್ಟು ವರ್ಷದಲ್ಲಿ ಬಿಗಿ ಅಂತ ಒಂದು ದೂರು ಬಂದಿಲ್ಲ."

ಒಂಬತ್ತು ವರ್ಷ ಹೀಗೆ ಕಳೆಯಿತು. ದೊಡ್ಡ ಡಾಕ್ಟರು ನಿವೃತ್ತರಾದರು. ಅವರ ಜಾಗಕ್ಕೆ ಡಾಕ್ಟರಮ್ಮ ಬಂದಳು. ಮೂವತ್ತರ ಆಸುಪಾಸಿನವಳು, ಚುರುಕು, ಮೆಟ್ಟಿಲನ್ನು ಎರಡೆರಡಾಗಿ ಹತ್ತುವವಳು. ಬಂದವಳೇ ಹಸುಗಳ ಕೊರಳಿಗೆ ಹೊಸ ಪಟ್ಟಿ ತೊಡಿಸಿದಳು. ದವಡೆ ಆಡಿದ್ದನ್ನು ಪಟ್ಟಿ ತಾನೇ ಗುರುತಿಸಿ ಕಂಪ್ಯೂಟರಿಗೆ ಕಳಿಸುತ್ತದೆ. ಜೊತೆಗೆ ಒಂದು ಹೊಸ ಪ್ರಯೋಗ. ಯೀಸ್ಟಿಗೆ ಹುಳಿ ಮುರಿಯುವ ಖನಿಜ ಸೇರಿಸಿದ ಬಿಳಿ ಪುಡಿಯದು. ಹಸುವಿಗೆ ಕಾಳು ಜಾಸ್ತಿ ಹಾಕಿದರೆ ಹಾಲು ಜಾಸ್ತಿ, ಆದರೆ ಹೊಟ್ಟೆ ಹುಳಿಯಾಗುತ್ತದೆ. ಈ ಪುಡಿ ಬೆರೆಸಿದರೆ ಹುಳಿಯಾಗುವುದಿಲ್ಲ ಎಂಬುದು ಲೆಕ್ಕಾಚಾರ. ಎಲ್ಲ ಒಂದೇ ಸಮ ಬೆರೆಯಲಿ ಎಂದು ಹುಲ್ಲನ್ನೂ ಹೊಸ ಯಂತ್ರದಲ್ಲಿ ಸಣ್ಣಗೆ ಕತ್ತರಿಸತೊಡಗಿದರು. ಆರು ಹಸುಗಳಿಗೆ ಈ ಮೇವು. ಕಿಟಕಿಗೆ ವಯಸ್ಸಾಗಿದ್ದರಿಂದ ಅವಳಿಗೆ ಎಂದಿನ ಉದ್ದ ಹುಲ್ಲು.

ಹಾಲು ಏರಿತು. ಡಾಕ್ಟರಮ್ಮನ ಮುಖವೂ ಅರಳಿತು.

ಒಂದು ಮಧ್ಯಾಹ್ನ ಅತ್ತೆ ಅಂಗಳದ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಳು. ಪ್ರಯೋಗಾಲಯದ ಗಾಜಿನ ಹಿಂದೆ ಡಾಕ್ಟರಮ್ಮ ಫೋನಿನಲ್ಲಿ ಮೇಲಧಿಕಾರಿಯ ಜೊತೆ ಮಾತಾಡುತ್ತಾ ನಿಂತಿದ್ದಳು. ಗಾಜು ಮುಚ್ಚಿತ್ತು. ಅತ್ತೆ ನೋಡಬೇಕೆಂದು ನೋಡಿದ್ದಲ್ಲ. ಬರೆದಿಟ್ಟ ಅಕ್ಷರ ಕಣ್ಣಿಗೆ ಬಿದ್ದರೆ ಓದದೆ ಇರಲು ಆಗುತ್ತದೆಯೇ? "ಪಟ್ಟಿನೇ ಎಲ್ಲಾ ಎಣಿಸುತ್ತೆ ಸಾರ್. ಆ ಹೆಂಗಸಿನ ಕೆಲಸ ಈ ತಿಂಗಳಿಗೆ ಮುಗೀತು ಅನ್ಕೊಳ್ಳಿ. ಪಾಪ, ಹೇಗೆ ಹೇಳೋದು ಅಂತ ನೋಡ್ತಿದೀನಿ."

ಅತ್ತೆ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಸ್ಟೂಲಿಗೆ ಹೋಗಿ ಕೂತಳು.

ಆ ವಾರವೇ ಅವಳಿಗೆ ಚುಕ್ಕಿಯ ಮೇಲೆ ಅನುಮಾನ ಬಂತು. ಹಣೆಯ ಮೇಲೆ ಬಿಳಿ ಚುಕ್ಕಿಯಿದ್ದ, ಪ್ರಯೋಗದ ಆರರಲ್ಲಿ ಅತಿ ಹೆಚ್ಚು ಹಾಲು ಕೊಡುತ್ತಿದ್ದ ಹಸು. ಅವಳದು ವರ್ಷಗಟ್ಟಲೆ ಐವತ್ತೆಂಟು. ಈಗ ನಲವತ್ತೈದು. ಮರುದಿನ ನಲವತ್ತು. ತುತ್ತು ಬಾಯಿಗೆ ಬಂದರೆ ಅಗಿಯಲು ಏನೂ ಇಲ್ಲದವಳಂತೆ ಅರೆಬರೆ ಆಡಿಸಿ ನುಂಗುವಳು. ಉಳಿದ ಹೊತ್ತು ಗೋದಲಿಯ ಕಬ್ಬಿಣದ ಕಂಬಿ ನೆಕ್ಕುತ್ತಾ ನಿಲ್ಲುವಳು. ಪಟ್ಟಿಯ ಲೆಕ್ಕ ನೋಡಿದರೆ ದಿನಕ್ಕೆ ಎಂದಿನಂತೆ ಎಂಟು ಗಂಟೆ ಮೆಲುಕು ಎಂದು ಬರುತ್ತಿತ್ತು. ಅತ್ತೆಗೆ ತಕ್ಷಣ ಹೊಳೆಯಿತು. ನೆಕ್ಕಿದರೂ ದವಡೆ ಆಡುತ್ತದಲ್ಲ, ಪಟ್ಟಿ ಅದನ್ನೂ ಸೇರಿಸಿಕೊಳ್ಳುತ್ತಿದೆ.

ಹೇಳಬೇಕು. ಆದರೆ ಹೇಳಲಿಲ್ಲ. ಕೆಲಸ ಹೋಗುತ್ತಿದೆ ಎಂದು ಗೊತ್ತಾದ ಮೇಲೆ ಪಟ್ಟಿ ತಪ್ಪು, ನಾನು ಸರಿ ಎಂದರೆ ಏನೆಂದುಕೊಳ್ಳುತ್ತಾರೆ? ಆ ಸಂಜೆ ಅಡುಗೆಮನೆಯಲ್ಲಿ ಮಾವನ ಮುಂದೆ ಎಲ್ಲವನ್ನೂ ಹೇಳಿಕೊಂಡಳು. ನಾನೂ ಅಲ್ಲೇ ಇದ್ದೆ.

"ನನ್ನ ಸ್ಟೂಲು ಉಳಿಸ್ಕೊಳ್ಳೋಕೆ ಕಥೆ ಕಟ್ತಿದಾಳೆ ಅಂತಾರೆ ರೀ."

ಮಾವ ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಿ ಅವಳ ಕಡೆ ತಿರುಗಿದ, ತುಟಿ ಕಾಣಲಿ ಎಂದು. "ಪ್ಯಾಂಟು ಬಿಗಿಯಾಗಿದೆ ಅಂತ ದರ್ಜಿ ಹೇಳಿದ್ರೆ, ಹೊಸದು ಹೊಲಿಸ್ಲಿ ಅಂತ ಹೇಳ್ತಿದಾನೆ ಅಂದ್ಕೊಳ್ತಾರೆ. ಅಂದ್ಕೊಂಡ ಮಾತ್ರಕ್ಕೆ ಪ್ಯಾಂಟೇನು ಸಡಿಲ ಆಗಲ್ಲ. ಹೋಗಿ ಹೇಳು."

ಅತ್ತೆ ತಲೆಯಾಡಿಸಿದಳು. ಮರುದಿನ ಹೋದಳು, ಸ್ಟೂಲಿನಲ್ಲಿ ಕೂತಳು, ಡಾಕ್ಟರಮ್ಮ ಎರಡು ಸಲ ಮುಂದೆಯೇ ಹಾದುಹೋದಳು. ಅತ್ತೆ ತಲೆ ಎತ್ತದೆ ಎಣಿಸುತ್ತಲೇ ಇದ್ದಳು. ಚುಕ್ಕಿಯ ಲೆಕ್ಕ ಮೂವತ್ತಾರಕ್ಕೆ ಇಳಿದಿತ್ತು.

ಅದರ ಮರುದಿನ ಬೆಳಿಗ್ಗೆ ಚುಕ್ಕಿ ಗೋದಲಿಗೆ ಬೆನ್ನು ಹಾಕಿ ನಿಂತಿದ್ದಳು. ಕಿವಿ ಜೋತುಬಿದ್ದಿತ್ತು. ಸಗಣಿ ಹಳದಿ ನೀರಾಗಿ, ನೊರೆ ನೊರೆಯಾಗಿ, ಅರಗದ ಕಾಳಿನ ಸಮೇತ ಬಿದ್ದಿತ್ತು. ಅತ್ತೆ ಓಡಿಹೋಗಿ ಎಡ ಮಗ್ಗುಲಿಗೆ ಮುಷ್ಟಿ ಒತ್ತಿ ಹಿಡಿದಳು. ಎರಡು ನಿಮಿಷ, ಮೂರು ನಿಮಿಷ. ಒಳಗಿನಿಂದ ಯಾರೂ ಬಂದು ಮುಷ್ಟಿಯನ್ನು ತಳ್ಳಲಿಲ್ಲ. ಗಿರಣಿಯ ಕೊನೆಯ ದಿನ ಮಗ್ಗಗಳು ನಿಂತ ಹಾಗೆ ಒಳಗೆಲ್ಲ ನಿಂತುಹೋಗಿತ್ತು.

ಡಾಕ್ಟರಮ್ಮ ಬಂದಳು. ಹೊಟ್ಟೆಗೆ ಕೊಳವೆ ಇಳಿಸಿ ಒಂದಿಷ್ಟು ನೀರು ತೆಗೆದು ಪರೀಕ್ಷೆಯ ಕಾಗದ ಅದ್ದಿ ನೋಡಿದಳು. ಪೂರಾ ಹುಳಿ. ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ಬಗ್ಗಿಕೊಂಡೇ ಇದ್ದಳು. ಆಮೇಲೆ ಅತ್ತೆಗೆ ಜಾಗ ಬಿಟ್ಟಳು. ಒಂದೂ ಅಲ್ಲಾಡುತ್ತಿರಲಿಲ್ಲ.

"ಅಡುಗೆ ಸೋಡಾ ಕರಗಿಸಿದ ನೀರು ಕೊಟ್ರೆ ಹುಳಿ ಮುರಿಯುತ್ತೆ" ಎಂದಳು ಡಾಕ್ಟರಮ್ಮ. "ಆದ್ರೆ ಸತ್ತೋರು ಎದ್ದು ಬರಲ್ಲ. ಬೇರೆ ಹೊಟ್ಟೆಯಿಂದಾನೇ ತರ್ಬೇಕು."

ಇಬ್ಬರೂ ಒಟ್ಟಿಗೇ ಅಂಗಳದಾಚೆ, ಕಿಟಕಿಯನ್ನು ಕಟ್ಟಿದ್ದ ಕಡೆ ನೋಡಿದರು.

ಹೊರಗಿನ ಗಾಳಿ, ತಣ್ಣಗಿನ ಪಾತ್ರೆ ಎರಡೂ ಆ ಜೀವಗಳಿಗೆ ಆಗದು. ಅತ್ತೆ ಹಾಲಿನ ಕ್ಯಾನನ್ನು ಬಿಸಿನೀರಿನಲ್ಲಿ ತೊಳೆದು ಬೆಚ್ಚಗೆ ಮಾಡಿದಳು. ಕಿಟಕಿಯ ಮುಚ್ಚಳ ತೆಗೆದು, ಬೊಗಸೆ ಬೊಗಸೆ ಹುಲ್ಲು ಎತ್ತಿ, ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಹಾಕಿ ಹಿಂಡಿದಳು. ಕಿಟಕಿ ಒಮ್ಮೆ ತಿರುಗಿ ನೋಡಿ, ಮತ್ತೆ ಮೇವಿಗೆ ಬಾಯಿ ಹಾಕಿದಳು. ಎಂಟು ಲೀಟರು ಆಯಿತು. ಕಂದುಹಸಿರು ಬಣ್ಣದ ಆ ನೀರನ್ನು ಮುಚ್ಚಿ, ತಾನು ತೊಟ್ಟಿದ್ದ ಸ್ವೆಟರು ಬಿಚ್ಚಿ ಕ್ಯಾನಿಗೆ ಸುತ್ತಿ, ಎದೆಗವಚಿಕೊಂಡು ಅಂಗಳ ದಾಟಿದಳು. ನೂರು ಹೆಜ್ಜೆಯೂ ಇಲ್ಲದ ಅಂಗಳ. ಆದರೆ ನಡೆದಷ್ಟೂ ಮುಗಿಯಲಿಲ್ಲವಂತೆ. ಮಂಜು ಇನ್ನೂ ಸರಿದಿರಲಿಲ್ಲ. ಎದೆಯ ಹತ್ತಿರ ಒಂದು ಊರಿಗೆ ಊರೇ ಅಲುಗಾಡುತ್ತಿತ್ತು. ಬೆಳಕು ಕಾಣದವರು, ಗಾಳಿ ಕಾಣದವರು, ಎಲ್ಲಿಗೆ ಹೊರಟಿದ್ದೇವೆಂದು ತಿಳಿಯದವರು. ಅವರಿಗೆ ಗಾಬರಿಯಾಗದಿರಲಿ ಎಂದು ಅತ್ತೆ ಹೆಜ್ಜೆಯನ್ನು ಮೆತ್ತಗೆ ಇಟ್ಟಳು. "ಬಂದ್ಬಿಟ್ವಿ, ಬಂದ್ಬಿಟ್ವಿ" ಎಂದು ಬಾಯಲ್ಲಿ ಹೇಳಿಕೊಂಡಳು. ಅವಳ ದನಿ ಅವಳಿಗೇ ಕೇಳುತ್ತಿರಲಿಲ್ಲ.

ಡಾಕ್ಟರಮ್ಮ ಮೊದಲು ಸೋಡಾ ನೀರು, ಆಮೇಲೆ ಕ್ಯಾನಿನದು, ಎರಡನ್ನೂ ಕೊಳವೆಯಲ್ಲಿ ಇಳಿಸಿದಳು. ಮುಂದಕ್ಕೆ ಮಾಡಲು ಏನೂ ಇರಲಿಲ್ಲ. ಅತ್ತೆ ಸ್ಟೂಲು ಎಳೆದುಕೊಂಡು ಚುಕ್ಕಿಯ ಮುಂದೆ ಕೂತಳು. ಕೈಯಲ್ಲಿ ಎಣಿಕೆ ಯಂತ್ರವಿತ್ತು, ಸೊನ್ನೆ ತೋರಿಸುತ್ತಿತ್ತು. ಬಿಸಿಲಿನ ಪಟ್ಟಿಗಳು ಬಂದವು, ಬೆನ್ನು ಹಾದವು, ಗೋದಲಿ ಸೇರಿದವು. ಊಟದ ಗಂಟೆ ಹೊಡೆದದ್ದು ಅವಳಿಗೆ ಕೇಳಲಿಲ್ಲ, ಯಾರೂ ಬಂದು ಹೇಳಲೂ ಇಲ್ಲ. ಮೂರೂವರೆ ಆಗಿರಬಹುದು. ಚುಕ್ಕಿಯ ಕತ್ತಿನ ಬುಡದಲ್ಲಿ ಏನೋ ಅಲುಗಿದಂತಾಯಿತು. ನೆರಳೇನೋ ಅಂದುಕೊಂಡಳು. ನೆರಳಲ್ಲ, ಉಬ್ಬು. ತಡೆದು ತಡೆದು, ದಾರಿ ಮರೆತವರಂತೆ, ಮೇಲೆ ಬಂತು. ದವಡೆ ಜಾರಿತು.

ಹನ್ನೊಂದು ಸಲ ಅಗಿದು ನುಂಗಿದಳು.

ಅತ್ತೆ ನಾಲ್ಕು ಕ್ಷಣ ಕಾದಳು. ಐದಾಯಿತು, ಹತ್ತಾಯಿತು, ಇಪ್ಪತ್ತಾಯಿತು. ಮತ್ತೆ ಬಂತು. ಈ ಸಲ ಹತ್ತೊಂಬತ್ತು. ಕಣ್ಣು ಮಂಜಾಗಿ ಮುಂದಿನದನ್ನು ಎಣಿಸಲಾಗಲಿಲ್ಲ. ಒಂಬತ್ತು ವರ್ಷದಲ್ಲಿ ಅವಳು ಲೆಕ್ಕ ತಪ್ಪಿದ್ದು ಅದೇ ಮೊದಲು ಎಂದು ಅವಳೇ ಹೇಳುತ್ತಾಳೆ.

ಡಾಕ್ಟರಮ್ಮ ಯಾವಾಗಲೋ ಬಂದು ಹಿಂದೆ ನಿಂತಿದ್ದಳು. ಅತ್ತೆಯ ಎದುರಿಗೆ ಬಂದು ಕುಕ್ಕರುಗಾಲಿನಲ್ಲಿ ಕೂತಳು.

"ನಿಮಗೆ ಮೊದಲೇ ಗೊತ್ತಿತ್ತಾ?"

"ಮೂರು ದಿನದಿಂದ ಗೊತ್ತಿತ್ತಮ್ಮಾ. ಅವಳು ಕಂಬಿ ನೆಕ್ತಾ ಇದ್ಲು. ನಿಮ್ಮ ಪಟ್ಟಿ ಅದನ್ನೂ ಮೆಲುಕು ಅಂತ ಎಣಿಸ್ತಾ ಇತ್ತು."

"ಮತ್ತೆ ಹೇಳ್ಲಿಲ್ಲ ಯಾಕೆ?"

ಅತ್ತೆ ಗಾಜಿನ ಕಡೆ ಬೆರಳು ತೋರಿಸಿದಳು. "ಅಲ್ಲಿ ನೀವು ಫೋನಲ್ಲಿ ಮಾತಾಡಿದ್ದು ಕಾಣಿಸ್ತು. ಕೆಲಸ ಉಳಿಸ್ಕೊಳ್ಳೋಕೆ ಹೇಳ್ತಿದೀನಿ ಅಂದ್ಕೊಳ್ತೀರ ಅಂತ ಸುಮ್ನಾದೆ. ತಪ್ಪು ನಂದು. ನನ್ನ ಮಾನ ನೋಡ್ಕೊಂಡು ಅವಳ ಹೊಟ್ಟೆ ನೋಡ್ಲಿಲ್ಲ."

ಡಾಕ್ಟರಮ್ಮನ ಮುಖ ಕಿವಿಯ ತನಕ ಕೆಂಪಾಯಿತು. "ನಾನು ನಿಮ್ಮನ್ನ ಕೇಳ್ಬೇಕಿತ್ತು. ಒಂದು ದಿನಾನೂ ಕೇಳ್ಲಿಲ್ಲ. ತಪ್ಪಾಯ್ತಮ್ಮಾ, ಹೊಟ್ಟೆಗೆ ಹಾಕ್ಕೊಳ್ಳಿ."

"ನಂಗಿರೋದು ಒಂದೇ ಹೊಟ್ಟೆ" ಎಂದಳು ಅತ್ತೆ. "ನಾಲ್ಕಿರೋಳು ಅಲ್ಲಿದಾಳೆ, ಅವಳನ್ನ ಕೇಳಿ."

ಡಾಕ್ಟರಮ್ಮ ನಕ್ಕಳು. ನಗುತ್ತಾ ನಗುತ್ತಾ ಮೂಗು ಒರೆಸಿಕೊಂಡಳು.

ಮರುದಿನ ಕೊಟ್ಟಿಗೆಗೆ ಎರಡನೆಯ ಸ್ಟೂಲೊಂದು ಬಂತು. ಡಾಕ್ಟರಮ್ಮ ತಾನೇ ಹೊತ್ತು ತಂದದ್ದು. ಒಂದು ವಾರ ಇಬ್ಬರೂ ಅಕ್ಕಪಕ್ಕ ಕೂತು, ಒಂದೇ ಹಸುವನ್ನು ನೋಡಿ, ಬೇರೆ ಬೇರೆ ಎಣಿಸಿದರು. ಮೊದಲ ಎರಡು ದಿನ ಡಾಕ್ಟರಮ್ಮನಿಗೆ ಅರ್ಧ ಗಂಟೆ ಕೂರಲಾಗಲಿಲ್ಲ, ಕಾಲು ಕುಣಿಯುತ್ತಿತ್ತು. ಮೂರನೆಯ ದಿನ ಕುಣಿಯುವುದು ನಿಂತಿತು. ನಾಲ್ಕನೆಯ ದಿನ ಅವಳ ಹೆಬ್ಬೆರಳು ಒತ್ತುತ್ತಲೇ ಇತ್ತು, ಕಣ್ಣು ಮಾತ್ರ ಎಲ್ಲೋ ಇತ್ತು. ಅತ್ತೆಗೆ ಗೊತ್ತಾಯಿತು, ಇವಳೂ ಹೋದಳು ಎಂದು. ಎಬ್ಬಿಸಲಿಲ್ಲ. ಬಹಳ ಹೊತ್ತಾದ ಮೇಲೆ ಡಾಕ್ಟರಮ್ಮ, "ನನ್ನ ತಂಗಿ ಚಿಕ್ಕೋಳಿದ್ದಾಗ ಹೇಗೆ ತಲೆ ಬಾಚಿಸ್ಕೊಳ್ತಿದ್ಲು ಅಂತ ನೆನಪಾಯ್ತು. ಯಾಕೋ ಏನೋ" ಎಂದಳು.

"ಇಲ್ಲಿ ಹಾಗೇನೇ" ಎಂದಳು ಅತ್ತೆ.

ಚುಕ್ಕಿ ಹನ್ನೆರಡು ದಿನದಲ್ಲಿ ಐವತ್ತೈದಕ್ಕೆ ಬಂದಳು. ಅದರಾಚೆ ಎಂದೂ ಹೋಗಲಿಲ್ಲ. ಪ್ರಯೋಗವನ್ನು ಮೊದಲಿನಿಂದ ಮಾಡಿದರು. ಈ ಸಲ ಹುಲ್ಲನ್ನು ಉದ್ದಕ್ಕೇ ಬಿಟ್ಟು, ಪುಡಿಯನ್ನೂ ಹಾಕಿ ನೋಡಿದರು. ಪುಡಿ ಕೆಟ್ಟದ್ದೇನಲ್ಲ ಎಂದು ತಿಳಿಯಿತು. ಹುಲ್ಲು ಉದ್ದವಿದ್ದಾಗ ಹಸು ಚೆನ್ನಾಗಿ ಅಗಿಯುತ್ತದೆ. ಅಗಿದಷ್ಟೂ ಜೊಲ್ಲು ಸುರಿಯುತ್ತದೆ, ಆ ಜೊಲ್ಲೇ ಹುಳಿ ಮುರಿಯುವ ಸೋಡಾ. ಅದರ ಮೇಲೆ ಪುಡಿ ಇನ್ನೊಂದಿಷ್ಟು ಕೈ ಹಿಡಿಯುತ್ತದೆ. ಸಣ್ಣಗೆ ಕತ್ತರಿಸಿದ ಹುಲ್ಲಿನ ಜೊತೆ ಹಾಕಿದಾಗ ಪುಡಿ ಕಾಯಿಲೆಯನ್ನು ತಡೆಯಲಿಲ್ಲ, ಕಾಣದ ಹಾಗೆ ಕೆಲವು ದಿನ ಮುಚ್ಚಿಟ್ಟಿತು, ಅಷ್ಟೆ. ಡಾಕ್ಟರಮ್ಮ ಇದನ್ನು ಹೀಗೆಯೇ ವರದಿಯಲ್ಲಿ ಬರೆದಳು. ಪುಡಿ ಮಾಡುವವರಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ ಎಂದು ಕೇಳಿದೆ. ಕೊರಳಪಟ್ಟಿಗಳನ್ನು ತೆಗೆಯಲಿಲ್ಲ. ಆದರೆ ನೆಕ್ಕುವುದು ಯಾವುದು, ಮೆಲುಕು ಯಾವುದು ಎಂದು ಅವಕ್ಕೆ ಕಲಿಸಲು ಅತ್ತೆಯ ಎಣಿಕೆಯನ್ನೇ ಬಳಸಿದರು. ಅತ್ತೆಯ ಕೆಲಸ ಹೋಗಲಿಲ್ಲ. ಇನ್ನೂ ಹದಿನೇಳು ವರ್ಷ ಇತ್ತು.

ಕಿಟಕಿ ಅದಾದ ಎರಡು ವರ್ಷಕ್ಕೆ, ಒಂದು ಚಳಿಗಾಲದ ಮುಂಜಾನೆ, ಮಲಗಿದ್ದಲ್ಲೇ ಹೋದಳು. ಅತ್ತೆ ಆ ದಿನ ರಜೆ ಕೇಳಲಿಲ್ಲ. ಪೂರ್ತಿ ಹೊತ್ತು ಕೂತು ಬೇರೆಯವರನ್ನು ಎಣಿಸಿ ಬಂದಳು. ಮನೆಗೆ ಬಂದು ಮಾವನ ಅಂಗಡಿಯಲ್ಲಿ ಬಟ್ಟೆ ಚೂರುಗಳ ರಾಶಿಯ ಮೇಲೆ ಒರಗಿ ನಿದ್ದೆ ಹೋದಳು. ಮಾವ ಹೊಲಿಗೆ ಯಂತ್ರದ ಮೇಲಿಂದ ಕಾಲು ತೆಗೆದು, ಅವಳು ಏಳುವವರೆಗೂ ಕೈಯಲ್ಲೇ ಹೊಲಿದ. ಅವಳಿಗೆ ಯಂತ್ರದ ಸದ್ದು ಕೇಳುವುದಿಲ್ಲ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ.

ಕೊನೆಕೊನೆಗೆ ಕಡಲ ಪಾಚಿಯ ಪುಡಿ ಬಂತು. ಹಸು ತೇಗಿದಾಗ ಹೊರಬರುವ ಅನಿಲವನ್ನು ಅದು ಕಡಿಮೆ ಮಾಡುತ್ತದಂತೆ, ಆ ಅನಿಲದಿಂದ ಭೂಮಿ ಬಿಸಿಯಾಗುತ್ತದಂತೆ. ಹಸುಗಳಿಗೆ ಅದರ ಉಪ್ಪು ವಾಸನೆ ಸೇರಲಿಲ್ಲ, ನಾಲಿಗೆಯಿಂದ ಪಾಚಿಯನ್ನಷ್ಟೇ ಪಕ್ಕಕ್ಕೆ ತಳ್ಳಿ ಮಿಕ್ಕದ್ದನ್ನು ತಿಂದವು. ಅದನ್ನು ಮೊದಲು ಕಂಡವಳು ಅತ್ತೆ. ಬೆಲ್ಲದ ಪಾಕದಲ್ಲಿ ಕಲಸಿ ಹಾಕಿ ಎಂದವಳೂ ಅವಳೇ. ಅರವತ್ತೈದಕ್ಕೆ ನಿವೃತ್ತಳಾದಳು.

ಈಗ ಅವಳಿಗೆ ಎಪ್ಪತ್ತೊಂದು. ಕಿವಿ ಪೂರ್ತಿ ಹೋಗಿದೆ. ಗುರುವಾರ ಗುರುವಾರ ಬಸ್ಸು ಹತ್ತಿ ಕೇಂದ್ರಕ್ಕೆ ಹೋಗುತ್ತಾಳೆ. ಹೊಸದಾಗಿ ಸೇರಿದ ವಿದ್ಯಾರ್ಥಿನಿಯರನ್ನು ಡಾಕ್ಟರಮ್ಮ ಅವಳ ಹತ್ತಿರ ಕೂರಿಸುತ್ತಾಳೆ. ಹೋದ ವಾರ ನಾನೂ ಜೊತೆಗೆ ಹೋಗಿದ್ದೆ. ಒಬ್ಬ ಹುಡುಗಿ ಟಿಪ್ಪಣಿ ಪುಸ್ತಕ ಬಿಚ್ಚಿಕೊಂಡು, ಪೆನ್ನು ಹಿಡಿದು, ಸಣ್ಣ ಕೊಂಬಿನ ಕರಿ ಹಸುವಿನ ಮುಂದೆ ಕೂತಳು. ಅತ್ತೆಗೆ ಕಾಣುವ ಹಾಗೆ ತಿರುಗಿ, "ಅಜ್ಜೀ, ಮೊದಲು ಏನು ನೋಡ್ಬೇಕು?" ಎಂದು ಕೇಳಿದಳು.

"ನೀನೇನೂ ನೋಡ್ಬೇಡ. ಮೊದಲು ಅವಳು ನಿನ್ನ ನೋಡಿ ಮುಗಿಸ್ಲಿ."

ಹುಡುಗಿ ಪೆನ್ನು ಕೆಳಗಿಟ್ಟಳು. ಕರಿ ಹಸು ಅವಳನ್ನು ನೋಡುತ್ತಾ ಬಹಳ ಹೊತ್ತು ನಿಂತು, ಕೊನೆಗೆ ಮುಂಗಾಲು ಮಡಿಚಿ, ಉಸ್ಸೆಂದು ಮಲಗಿತು.